ಎವೆಯ ಬುಡದ ನುಸಿ: ಹನಿ, ಎಣ್ಣೆ, ಒರೆಸುವ ಹಾಳೆ, ಮಾತ್ರೆಗಳಲ್ಲಿ ಯಾರಿಗೆ ಯಾವುದು?

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಅವ್ವ ಮೂವತ್ತೆಂಟು ವರ್ಷ ಕುಣಿಮಗ್ಗದಲ್ಲಿ ಕುಳಿತು ಖಣ ನೇಯ್ದಿದ್ದಾಳೆ. ಹಾಸಿನ ಎಳೆ ಹರಿದರೆ ಬೆರಳ ತುದಿಯಲ್ಲೇ ಗಂಟು ಹಾಕುತ್ತಿದ್ದವಳು. ಎರಡು ವರ್ಷದ ಹಿಂದೆ ಅದೇ ಅವ್ವ ಬೆಳಿಗ್ಗೆ ಎದ್ದ ಕೂಡಲೇ ಸೆರಗಿನ ತುದಿಯಿಂದ ಕಣ್ಣು ಉಜ್ಜಿಕೊಳ್ಳತೊಡಗಿದಳು. ನೂಲಿನ ಧೂಳು ಇರಬೇಕು ಎಂದೆವು. ಬಿಸಿಲು ಎಂದೆವು. ವಯಸ್ಸಾಯಿತು ಎಂದೆವು. ಔಷಧದ ಅಂಗಡಿಯಿಂದ ತಂದ ಹನಿ ಹಾಕಿದರೆ ನಾಲ್ಕು ದಿನ ಆರಾಮ, ಬಿಟ್ಟರೆ ಮತ್ತೆ ಅದೇ ತುರಿಕೆ. ದಿಂಬಿನ ಮೇಲೆ ಎವೆಗೂದಲು ಉದುರಿ ಬೀಳತೊಡಗಿದ ಮೇಲೆ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿಯ ಡಾಕ್ಟರರು ಕಣ್ಣನ್ನು ದೊಡ್ಡದಾಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಅವ್ವನ ಗದ್ದ ಇರಿಸಿ, "ಅಮ್ಮಾ, ಕೆಳಗೆ ನೋಡಿರಿ" ಎಂದರು. ಅಷ್ಟೇ. ಅಲ್ಲಿಯವರೆಗೆ ಯಾರೂ ಅವಳಿಗೆ ಕೆಳಗೆ ನೋಡು ಎಂದಿರಲಿಲ್ಲ; ಎಲ್ಲರೂ ಬ್ಯಾಟರಿ ಹಿಡಿದು ಕಣ್ಣನ್ನು ನೇರವಾಗಿಯೇ ನೋಡಿದ್ದರು. ಕೆಳಗೆ ನೋಡಿದಾಗ ಮೇಲಿನ ರೆಪ್ಪೆಯ ಅಂಚು ಬೆಳಕಿಗೆ ಬರುತ್ತದೆ. ಡಾಕ್ಟರರು ನನಗೂ ತೋರಿಸಿದರು. ಒಂದೊಂದು ಎವೆಯ ಬುಡಕ್ಕೂ ಮಾಸಲು ಬಿಳಿಯ ತೆಳು ತೊಗಟೆ, ಜೋಳದ ದಂಟಿನ ಬುಡಕ್ಕೆ ರವದಿ ಸುತ್ತಿಕೊಂಡಂತೆ, ಸುತ್ತಲೂ ಅಂಟಿಕೊಂಡಿತ್ತು. ಚಿಮುಟದಿಂದ ಒಂದು ಎವೆ ಕಿತ್ತು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಬುಡದಲ್ಲಿ ಉದ್ದನೆಯ ಬಾಲದ ಮೂರು ಜೀವಿಗಳು ತಮ್ಮ ಮೋಟು ಕಾಲುಗಳನ್ನು ನಿಧಾನವಾಗಿ ಆಡಿಸುತ್ತಿದ್ದವು. ಎಂಟೆಂಟು ಕಾಲು. ನನ್ನ ಮೈ ಜುಮ್ಮೆಂದಿತು. ಅವ್ವ ಮಾತ್ರ, "ಹಾಗಾದರೆ ನನ್ನ ಮಗ್ಗದ್ದೇನೂ ತಪ್ಪಿಲ್ಲ" ಎಂದಳು.

ಅಂದಿನಿಂದ ಈ ನುಸಿಗೆ ಇರುವ ಉಪಾಯಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡುತ್ತ ಬಂದಿದ್ದೇನೆ. ಮುಂದಿನ ಮಾತುಗಳನ್ನು ಬರೆಯಲು ಕಾರಣ ಒಂದೇ: ನಮ್ಮ ಕಡೆ ಜನ ಔಷಧಿಯನ್ನು ಮೊದಲು ಆರಿಸಿಕೊಳ್ಳುತ್ತಾರೆ, ಕಾಯಿಲೆಯನ್ನು ಆಮೇಲೆ ಹುಡುಕುತ್ತಾರೆ. ಎವೆಯ ಬುಡ ನೋಡದೆ ಮಾಡಿದ ಯಾವ ಆಯ್ಕೆಯೂ ಆಯ್ಕೆಯಲ್ಲ.

ಈ ನುಸಿ ಯಾವುದು?

ಮೆಣಸಿನಕಾಯಿ ಗಿಡದ ಎಲೆ ಮುದುಡಿಸುವ ನುಸಿಯನ್ನು ನಮ್ಮ ರೈತರೆಲ್ಲ ಬಲ್ಲರು. ಅದರ ದೂರದ ಬಳಗವೇ ಇದು. ಹೆಸರು ಡೆಮೊಡೆಕ್ಸ್. 1842ರಲ್ಲಿ ಜರ್ಮನಿಯ ವೈದ್ಯ ಗುಸ್ತಾವ್ ಸೈಮನ್ ಮೊಡವೆಗಳನ್ನು ಪರೀಕ್ಷಿಸುವಾಗ ಇದನ್ನು ಕಂಡು ವಿವರಿಸಿದರು; ಮರುವರ್ಷ ಇಂಗ್ಲೆಂಡಿನ ರಿಚರ್ಡ್ ಓವೆನ್ ಗ್ರೀಕ್ ಭಾಷೆಯಲ್ಲಿ ಕೊಬ್ಬು ಮತ್ತು ಹುಳು ಎಂಬ ಅರ್ಥದ ಪದಗಳನ್ನು ಕೂಡಿಸಿ ಈ ಹೆಸರಿಟ್ಟರು. ಮನುಷ್ಯರ ಮೈಮೇಲೆ ಎರಡು ಬಗೆ. ಸುಮಾರು 0.3ರಿಂದ 0.4 ಮಿಲಿಮೀಟರ್ ಉದ್ದದ್ದು ಎವೆಯ ಬುಡದ ಕುಳಿಯಲ್ಲಿ ಗುಂಪಾಗಿ ಇರುತ್ತದೆ. ಅದರ ಅರ್ಧದಷ್ಟು ಉದ್ದದ್ದು ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಗಳ ಆಳದಲ್ಲಿ ಒಂಟಿಯಾಗಿ ಇರುತ್ತದೆ. ಎರಡಕ್ಕೂ ಬೆಳಕು ಆಗುವುದಿಲ್ಲ. ರಾತ್ರಿ ನಾವು ಮಲಗಿದ ಮೇಲೆ ಹೊರಬಂದು ಓಡಾಡುತ್ತವೆ, ಕೂಡುತ್ತವೆ, ಬೆಳಕಾದರೆ ಮತ್ತೆ ಕುಳಿಗೆ ಇಳಿಯುತ್ತವೆ. ಅವ್ವನಿಗೆ ಬೆಳಿಗ್ಗೆಯೇ ಹೆಚ್ಚು ತುರಿಸುತ್ತಿದ್ದುದು ಇದಕ್ಕೇ. ಮೊಟ್ಟೆಯಿಂದ ಸಾವಿನವರೆಗೆ ಇದರ ಆಯುಷ್ಯ ಎರಡರಿಂದ ಮೂರು ವಾರ. ಈ ಲೆಕ್ಕ ನೆನಪಿರಲಿ, ಚಿಕಿತ್ಸೆಯ ಅವಧಿಯೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನುಸಿ ಇದ್ದವರಿಗೆಲ್ಲ ಕಾಯಿಲೆ ಇದೆ ಎಂದಲ್ಲ. ವಯಸ್ಸಾದಂತೆ ಬಹುತೇಕ ಎಲ್ಲರ ಮೈಮೇಲೂ ಇವು ಒಂದಿಷ್ಟು ಇರುತ್ತವೆ. ಇದು ಕೊಳಕುತನದ ಗುರುತೂ ಅಲ್ಲ. ಸಂಖ್ಯೆ ಮಿತಿಮೀರಿ, ರೆಪ್ಪೆ ಕೆಂಪಾಗಿ ಉರಿಯತೊಡಗಿದಾಗ ಮಾತ್ರ ಔಷಧಿಯ ಮಾತು. ತೊಂದರೆಯೇ ಇಲ್ಲದ ಕಣ್ಣಿಗೆ ಹೆದರಿ ಎಣ್ಣೆ ಹಚ್ಚಬೇಡಿ.

ಆದರೆ ಮಿತಿ ಮೀರಿದಾಗ ಆಗುವ ಹಾನಿ ಸಣ್ಣದಲ್ಲ. ಎವೆಗಳು ಉದುರುತ್ತವೆ, ಉಳಿದವು ದಿಕ್ಕು ತಪ್ಪಿ ಒಳಮುಖವಾಗಿ ಬೆಳೆದು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ಗೀರುತ್ತವೆ. ಎಣ್ಣೆ ಗ್ರಂಥಿಗಳ ಬಾಯಿ ಕಟ್ಟಿಕೊಂಡರೆ ಕಣ್ಣೀರಿನ ಮೇಲ್ಪದರ ತೆಳುವಾಗಿ, ಕಣ್ಣೀರು ಬೇಗ ಆರಿ, ಕಣ್ಣು ಒಣಗುತ್ತದೆ; ಮಧ್ಯಾಹ್ನದ ಹೊತ್ತಿಗೆ ಅಕ್ಷರ ಮಸುಕಾಗಿ, ರೆಪ್ಪೆ ಬಡಿದರೆ ಮತ್ತೆ ಸ್ಪಷ್ಟವಾಗುತ್ತದೆ. ಒಂದೇ ರೆಪ್ಪೆಯಲ್ಲಿ ಮೇಲಿಂದ ಮೇಲೆ ಗಂಟು ಏಳುವುದೂ ಇದರ ಲಕ್ಷಣವಾಗಿರಬಹುದು. ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ತಟ್ಟನೆ ಕಡಿಮೆಯಾಗುವುದು ಕಂಡರೆ ಈ ಬರಹ ಓದುತ್ತ ಕೂರದೆ ಅದೇ ದಿನ ಡಾಕ್ಟರರ ಬಳಿಗೆ ಹೋಗಿರಿ.

ನುಸಿಯೋ, ಬೇರೆಯೋ?

ಹೊಟ್ಟಿನ ರೂಪ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನುಸಿಯ ಹೊಟ್ಟು ಎವೆಯ ಬುಡವನ್ನು ಸುತ್ತಿಕೊಂಡ ಕೊಳವೆಯಂತೆ ಇರುತ್ತದೆ. ಅದರಲ್ಲಿ ನುಸಿಯ ಮೊಟ್ಟೆ, ಕಸ, ಸತ್ತ ಚರ್ಮ ಎಲ್ಲವೂ ಸೇರಿರುತ್ತವೆ. ತಲೆಹೊಟ್ಟು ಇರುವವರ ಎವೆಗಳಲ್ಲಿ ಕಾಣುವುದು ಜಿಡ್ಡು ಜಿಡ್ಡಾದ ಹಳದಿ ಚೂರು. ಬ್ಯಾಕ್ಟೀರಿಯಾದ ಸೋಂಕಿನದು ಗಟ್ಟಿ ಹೆಕ್ಕಳಿಕೆ, ಕಿತ್ತರೆ ಕೆಳಗೆ ಹುಣ್ಣಿನ ಗುರುತು ಉಳಿಯುತ್ತದೆ. ಹೇನಾಗಿದ್ದರೆ ಸೀರು ಕೂದಲಿಗೆ ಓರೆಯಾಗಿ ಅಂಟಿದ ಕಾಳಿನಂತೆ ಕಾಣುತ್ತದೆ, ಹೇನೂ ಬರಿಗಣ್ಣಿಗೆ ಕಾಣುತ್ತದೆ. ಮಕ್ಕಳಲ್ಲಿ ಬೇಸಿಗೆ ಬಂದ ಕೂಡಲೇ ಎರಡೂ ಕಣ್ಣು ಕೆಂಪಾಗಿ, ದಾರದಂತಹ ಲೋಳೆ ಬಂದು, ತಡೆಯಲಾರದ ತುರಿಕೆ ಇದ್ದರೆ ಅದು ಹೆಚ್ಚಾಗಿ ಅಲರ್ಜಿ. ನಮ್ಮ ಒಣ ಸೀಮೆಯ ಹುಡುಗರಲ್ಲಿ ಅದನ್ನು ಸಾಕಷ್ಟು ಕಾಣುತ್ತೇವೆ. ದನ ಕಾಯುವವರ ರೆಪ್ಪೆಗೆ ಉಣ್ಣಿ ಕಚ್ಚಿಕೊಳ್ಳುವುದೂ ಉಂಟು. ಅದನ್ನು ಮನೆಯಲ್ಲಿ ಎಳೆದು ಕೀಳಬಾರದು.

ಮನೆಯಲ್ಲಿ ಮೊಬೈಲ್ ಕ್ಯಾಮೆರಾದಿಂದ ಕೆಳಗೆ ನೋಡುತ್ತಿರುವ ಕಣ್ಣಿನ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಅನುಮಾನಕ್ಕೆ ಸಾಕು. ನಿರ್ಧಾರಕ್ಕೆ ಸ್ಲಿಟ್ ಲ್ಯಾಂಪ್ ಬೇಕು. ಬೆಳಗಾವಿಯ ಬಿಮ್ಸ್, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ ಇವೆಲ್ಲ ವೈದ್ಯಕೀಯ ಕಾಲೇಜುಗಳಿಗೆ ಸೇರಿದವು, ಕಣ್ಣಿನ ವಿಭಾಗ ಇರುವಂಥವು. ಕಾಡಿಗೆ ಹಚ್ಚಿಕೊಳ್ಳದೆ, ಅಂದು ಬೆಳಿಗ್ಗೆ ರೆಪ್ಪೆ ತಿಕ್ಕಿ ತೊಳೆಯದೆ ಹೋಗಿರಿ. ತೊಳೆದುಕೊಂಡು ಹೋದರೆ ಸಾಕ್ಷಿಯೇ ಇರುವುದಿಲ್ಲ.

ಅಂಗಡಿಯ ಹನಿ

ಮೊದಲು ಇದನ್ನೇ ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಕೈಹಾಕುವುದು ಇದಕ್ಕೆ, ಹೆಚ್ಚು ಹಾನಿ ಆಗುವುದೂ ಇದರಿಂದ. ಚೀಟಿ ಇಲ್ಲದೆ ಕೊಡುವ ಹನಿಗಳಲ್ಲಿ ಎಷ್ಟೋ ಸಲ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಉರಿಯನ್ನು ಬೇಗ ಇಳಿಸುತ್ತದೆ, ನುಸಿಯನ್ನು ಮುಟ್ಟುವುದೂ ಇಲ್ಲ. ಹಾಗಾಗಿ ನಾಲ್ಕು ದಿನದ ಆರಾಮ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಮೋತಿಬಿಂದು (ಕಣ್ಣಿನ ಪೊರೆ) ಬೇಗ ಬಲಿಯಬಹುದು. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರಬೇಕು; ಅವ್ವನದು ಅಂದು 22 ಬಂತು. ಹನಿ ನಿಲ್ಲಿಸಿ ತಿಂಗಳ ಮೇಲೆ ಅಳೆದಾಗ 17ಕ್ಕೆ ಇಳಿದಿತ್ತು. ಆ ಒಂದು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬಾಟಲಿ ತಂದುಕೊಟ್ಟ ಕೈ ನನ್ನದೇ.

ಡಾಕ್ಟರರು ತಾವೇ ನೋಡಿ, ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಬರೆದುಕೊಟ್ಟರೆ ಅದು ಬೇರೆ ಮಾತು. ಮುಖ ಬೆಳ್ಳಗಾಗಲಿ ಎಂದು ಹುಡುಗಿಯರು ಹಚ್ಚಿಕೊಳ್ಳುವ ಸ್ಟೀರಾಯ್ಡ್ ಕ್ರೀಮುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ: ಅವು ಚರ್ಮದ ತಡೆಯನ್ನು ಕುಗ್ಗಿಸಿ ನುಸಿ ಹೆಚ್ಚಲು ದಾರಿ ಮಾಡಿಕೊಡುತ್ತವೆ.

ಬಿಸಿ ಬಟ್ಟೆ ಮತ್ತು ಬೇಬಿ ಶಾಂಪೂ

ಖರ್ಚು ಕಡಿಮೆ, ಅಪಾಯ ಕಡಿಮೆ. ಆದರೆ ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ತಿಳಿದಿರಬೇಕು. 2005ರಲ್ಲಿ ಅಮೆರಿಕದ ಮಯಾಮಿಯ ಸಂಶೋಧಕರು ಎವೆಯ ನುಸಿಗಳನ್ನು ಬೇರೆ ಬೇರೆ ದ್ರವಗಳಲ್ಲಿ ಹಾಕಿ ಎಷ್ಟು ಹೊತ್ತು ಬದುಕುತ್ತವೆ ಎಂದು ನೋಡಿದರು. ಅರ್ಧಕ್ಕರ್ಧ ಬೆರೆಸಿದ ಬೇಬಿ ಶಾಂಪೂವಿನಲ್ಲಿ 150 ನಿಮಿಷ ದಾಟಿದರೂ ಸಾಯಲಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಹಚ್ಚುವ ಪೊವಿಡೋನ್ ಅಯೋಡಿನ್‌ನಲ್ಲೂ ಅಷ್ಟೇ, ಶೇಕಡಾ 75ರ ಆಲ್ಕೋಹಾಲ್‌ನಲ್ಲೂ ಅಷ್ಟೇ. ಅಂದರೆ ಶಾಂಪೂ ನುಸಿಯನ್ನು ಕೊಲ್ಲುವುದಿಲ್ಲ. ಅದರ ಹೊಟ್ಟು, ಜಿಡ್ಡು, ಮೊಟ್ಟೆಗಳಲ್ಲಿ ಒಂದಿಷ್ಟನ್ನು ತೊಳೆದು ಹಾಕುತ್ತದೆ. ಬಿಸಿ ಬಟ್ಟೆಯೂ ಕೊಲ್ಲುವುದಿಲ್ಲ, ಗ್ರಂಥಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆಯನ್ನು ಕರಗಿಸುತ್ತದೆ.

ಹಾಗೆಂದು ಬಿಡಬಾರದು. ಮಿಕ್ಕ ಎಲ್ಲ ಉಪಾಯಗಳಿಗೂ ಇದೇ ಅಡಿಪಾಯ. ನಮ್ಮ ಮನೆಯ ಕ್ರಮ ಹೀಗಿದೆ: ಸ್ವಚ್ಛ ಹತ್ತಿ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ, ಮೊದಲು ನನ್ನ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡುತ್ತೇನೆ. ತಾಳುವಷ್ಟು ಬಿಸಿ ಇದ್ದರೆ ಅವ್ವನ ಮುಚ್ಚಿದ ಕಣ್ಣಿನ ಮೇಲೆ. ಆರಿದರೆ ಮತ್ತೆ ಅದ್ದಿ, ಒಟ್ಟು ಐದರಿಂದ ಹತ್ತು ನಿಮಿಷ. ಆಮೇಲೆ ಬೆರಳಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ಸವರಬೇಕು. ಕೊನೆಗೆ ಎವೆಯ ಬುಡದ ಗೆರೆಯುದ್ದಕ್ಕೂ ಅಡ್ಡಡ್ಡ ಒರೆಸಬೇಕು, ಒಂದೊಂದು ಕಣ್ಣಿಗೆ ಬೇರೆ ಹತ್ತಿ. ಬೇಬಿ ಶಾಂಪೂವನ್ನು ದಿನವೂ ವರ್ಷಾನುಗಟ್ಟಲೆ ಬಳಸುವುದು ಕಣ್ಣಿನ ಮೇಲ್ಮೈಗೆ ಹಿತವಲ್ಲ ಎಂದು ಈಗೀಗ ವೈದ್ಯರು ಹೇಳುತ್ತಾರೆ. ರೆಪ್ಪೆಗೆಂದೇ ತಯಾರಿಸಿದ ಒರೆಸುವ ಹಾಳೆ ಕೊಳ್ಳುವ ಶಕ್ತಿ ಇದ್ದವರು ಅದನ್ನೇ ಬಳಸಲಿ.

ಟೀ ಟ್ರೀ ಎಣ್ಣೆ

ಹೆಸರು ಕೇಳಿ ಚಹಾ ಗಿಡದ್ದು ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಬೇರೊಂದು ಮರದ ಎಲೆಯ ಎಣ್ಣೆ ಇದು, ನೀಲಗಿರಿಯ ಕುಟುಂಬಕ್ಕೆ ಸೇರಿದ ಮರ. ಆದರೆ ನೀಲಗಿರಿ ಎಣ್ಣೆಯನ್ನು ಇದರ ಬದಲಿಗೆ ಕಣ್ಣಿನ ಹತ್ತಿರ ತರಬಾರದು. ಮಯಾಮಿಯ ಅದೇ ಪರೀಕ್ಷೆಯಲ್ಲಿ ಶುದ್ಧ ಟೀ ಟ್ರೀ ಎಣ್ಣೆಯಲ್ಲಿ ನುಸಿಗಳು ನಾಲ್ಕು ನಿಮಿಷದೊಳಗೆ ಸತ್ತವು, ಅರ್ಧ ತೆಳುಮಾಡಿದಾಗ ಹದಿನೈದು ನಿಮಿಷ ಬೇಕಾಯಿತು. ಅದರಲ್ಲಿ ಮುಖ್ಯವಾಗಿ ಕೆಲಸ ಮಾಡುವ ಅಂಶ ಟರ್ಪಿನೆನ್-4-ಆಲ್.

ಈ ಅಂಕಿ ಓದಿ ಯಾರಾದರೂ ಪುಟ್ಟ ಬಾಟಲಿಯ ಶುದ್ಧ ಎಣ್ಣೆಯನ್ನು ರೆಪ್ಪೆಗೆ ಹಚ್ಚಿಯಾರು ಎಂಬುದೇ ನನ್ನ ಭಯ. ನುಸಿ ಸಾಯುವ ಮೊದಲು ನಿಮ್ಮ ಕಣ್ಣು ಸುಟ್ಟೀತು. ಶೇಕಡಾ 50ರದನ್ನು ಡಾಕ್ಟರರು ಕಣ್ಣಿಗೆ ಜೋಮು ಹಿಡಿಸುವ ಹನಿ ಹಾಕಿ ಆಸ್ಪತ್ರೆಯಲ್ಲಿ ಮಾತ್ರ ಹಚ್ಚುತ್ತಾರೆ. ಮನೆಯ ಬಳಕೆಗೆ ಕಡಿಮೆ ಸಾಂದ್ರತೆಯ, ರೆಪ್ಪೆಗೆಂದೇ ಮಾಡಿದ ಹಾಳೆ ಅಥವಾ ನೊರೆ ಇರುತ್ತದೆ. ಹಚ್ಚಿದಾಗ ಸ್ವಲ್ಪ ಚುರುಗುಟ್ಟುವುದು ಸಹಜ. ಕಣ್ಣು ಕೆಂಪಾಗಿ ಊದಿಕೊಂಡರೆ ಅಲರ್ಜಿ, ನಿಲ್ಲಿಸಬೇಕು. ಲಭ್ಯವಿದ್ದ ಪ್ರಯೋಗಗಳನ್ನೆಲ್ಲ 2020ರಲ್ಲಿ ಒಟ್ಟುಹಾಕಿ ತೂಗಿದ ಕಾಕ್ರೇನ್ ವಿಮರ್ಶೆ ಇದರ ಪ್ರಯೋಜನದ ಬಗ್ಗೆ ಖಚಿತ ಮಾತು ಹೇಳಲಿಲ್ಲ, ಬಳಸುವುದಾದರೆ ಸಾಂದ್ರತೆ ಕಡಿಮೆ ಇರಲಿ ಎಂದಿತು. ನನ್ನ ಮಟ್ಟಿಗೆ, ಕೈ ನಡುಗದ, ತಪ್ಪದೆ ದಿನಕ್ಕೆರಡು ಸಲ ಆರು ವಾರ ಒರೆಸಿಕೊಳ್ಳುವ ತಾಳ್ಮೆ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಮೂರು ದಿನ ಮಾಡಿ ಬಿಡುವವರಿಗೆ ಹಣ ದಂಡ.

ಔಡಲ ಎಣ್ಣೆ

ನಮ್ಮ ಮನೆಗಳಲ್ಲಿ ಕಣ್ಣಿಗೆ ತಂಪು ಎಂದರೆ ಔಡಲ ಎಣ್ಣೆಯೇ. ಅದನ್ನು ನಾನು ತಳ್ಳಿಹಾಕುವುದಿಲ್ಲ. ನ್ಯೂಜಿಲೆಂಡಿನ ಒಂದು ಸಣ್ಣ ಅಧ್ಯಯನದಲ್ಲಿ ನಾಲ್ಕು ವಾರ ರೆಪ್ಪೆಯ ಹೊರಗೆ ಹಚ್ಚಿಕೊಂಡವರಿಗೆ ಉರಿ, ಹೊಟ್ಟು ಕಡಿಮೆಯಾಗಿದ್ದು ಕಂಡಿದೆ. ಆದರೆ ಅಲ್ಲಿ ಬಳಸಿದ್ದು ಶುದ್ಧವಾಗಿ ತಯಾರಿಸಿದ ಎಣ್ಣೆ. ಸಂತೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕಣ್ಣೊಳಗೆ ಬಿಡುವುದು ಬೇರೆಯೇ ಸಂಗತಿ. ಮುಚ್ಚಿದ ರೆಪ್ಪೆಯ ಹೊರಗೆ, ಹತ್ತಿಯ ಕಡ್ಡಿಯಿಂದ, ತೆಳುವಾಗಿ ಹಚ್ಚಬಹುದು; ಇದೊಂದರಿಂದಲೇ ನುಸಿ ಹೋಗುತ್ತದೆ ಎಂದು ಕಾಯಬಾರದು. ಮನೆಮಂದಿಯೆಲ್ಲ ಒಂದೇ ಡಬ್ಬಿಯಿಂದ ಕಾಡಿಗೆ ಹಚ್ಚಿಕೊಳ್ಳುವ ರೂಢಿಯನ್ನಂತೂ ಬಿಡಲೇಬೇಕು.

ಐವರ್‌ಮೆಕ್ಟಿನ್

ತುರಿ ಕಜ್ಜಿಗೆ, ಹೇನಿಗೆ ಕೊಡುವ ಮಾತ್ರೆ ಇದು. ಇದನ್ನು ರೂಪಿಸಿದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಓಮುರಾ 2015ರ ನೊಬೆಲ್ ಹಂಚಿಕೊಂಡರು. ಎವೆಯ ನುಸಿ ಹಟ ಹಿಡಿದಾಗ ವೈದ್ಯರು ದೇಹದ ತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಒಂದು ಸಲ ಕೊಟ್ಟು, ಏಳು ದಿನದ ಮೇಲೆ ಇನ್ನೊಮ್ಮೆ ಕೊಡುತ್ತಾರೆ. ಮಾತ್ರೆ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಎರಡನೆಯ ಸರದಿ ಅವು ಒಡೆದು ಬಂದ ಮರಿಗಳಿಗೆ. ಕಣ್ಣಿನ ಡಾಕ್ಟರರು ರೆಪ್ಪೆಯ ಅಂಚಿಗೆ ಇದರದೇ ಶೇಕಡಾ 1ರ ಕ್ರೀಮ್ ಬರೆದುಕೊಡುವುದೂ ಉಂಟು.

ಇದು ಯಾರಿಗೆ? ಕೈಬೆರಳು ಬಗ್ಗದ, ಒರೆಸಿಕೊಳ್ಳಲಾಗದ, ನೋಡಿಕೊಳ್ಳುವವರಿಲ್ಲದ ಹಿರಿಯರಿಗೆ. ಮುಖದ ಕೆನ್ನೆ ಮೂಗು ಕೆಂಪೇರುವ ರೋಸೇಶಿಯಾ ಕೂಡ ಇರುವವರಿಗೆ. ಗರ್ಭಿಣಿಯರಿಗೆ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕೂಡದು. ದನಕ್ಕೆ ತಂದಿಟ್ಟ ಐವರ್‌ಮೆಕ್ಟಿನ್ ಮನೆಯಲ್ಲಿದ್ದರೆ ಅದು ದನಕ್ಕೇ ಇರಲಿ, ಮನುಷ್ಯರ ಬಾಯಿಗೂ ಬೇಡ, ಕಣ್ಣಿಗೂ ಬೇಡ.

ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಸೋದರಮಾವ ಅವ್ವನ ಸುದ್ದಿ ಕೇಳಿ, "ಅಕ್ಕಾ, ನುಸಿ ಎಂದರೆ ಗಂಧಕ ಹೊಡೆದರೆ ಮುಗಿಯಿತು" ಎಂದಿದ್ದ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ತೋಟದಲ್ಲಿ ಗಂಧಕ ಹೊಡೆದ ದಿನ ಅವನ ಕಣ್ಣೂ ಉರಿಯುತ್ತದೆ, ಅದನ್ನು ಅವನೇ ಬಲ್ಲ. ಬೆಳೆಗೆ ಹೊಡೆಯುವ ಯಾವುದೂ ಕಣ್ಣಿನ ಹತ್ತಿರ ಸುಳಿಯಬಾರದು. ಔಷಧ ಹೊಡೆಯುವಾಗ ಕನ್ನಡಕ ಹಾಕು ಎಂದು ಅವನಿಗೆ ಹೇಳಿ ಬಂದಿದ್ದೇನೆ.

ಹೊಸ ಹನಿ

ನುಸಿಗೆಂದೇ ಮಾಡಿದ ಮೊದಲ ಹನಿಗೆ ಅಮೆರಿಕದ ಔಷಧ ನಿಯಂತ್ರಕರು 2023ರ ಜುಲೈನಲ್ಲಿ ಒಪ್ಪಿಗೆ ಕೊಟ್ಟರು. ಹೆಸರು ಲೋಟಿಲಾನರ್, ಶೇಕಡಾ 0.25. ನಾಯಿಗಳ ಉಣ್ಣಿಗೆ ಕೊಡುತ್ತಿದ್ದ ಔಷಧವೇ ಕಣ್ಣಿನ ಹನಿಯಾಗಿ ಬಂದದ್ದು. ನುಸಿಯ ನರಗಳನ್ನು ಕಟ್ಟಿಹಾಕಿ ಲಕ್ವಾ ಹೊಡೆಸುತ್ತದೆ. ದಿನಕ್ಕೆರಡು ಸಲ, ಆರು ವಾರ. ಎರಡು ದೊಡ್ಡ ಪ್ರಯೋಗಗಳಲ್ಲಿ ಎವೆಯ ಹೊಟ್ಟು ಹೆಚ್ಚುಕಡಿಮೆ ಪೂರ್ತಿ ಹೋದವರು ಒಂದರಲ್ಲಿ ನೂರಕ್ಕೆ 44 ಜನ, ಇನ್ನೊಂದರಲ್ಲಿ 56 ಜನ. ಔಷಧಿಯಿಲ್ಲದ ಹನಿ ಹಾಕಿಕೊಂಡವರಲ್ಲಿ ಆ ಸಂಖ್ಯೆ 7 ಮತ್ತು 13ರ ಆಸುಪಾಸು. ಅಂದರೆ ಹೊಸದೂ ದುಬಾರಿಯದೂ ಆದ ಔಷಧಿಯಿಂದಲೂ ಪೂರ್ತಿ ಸ್ವಚ್ಛವಾಗುವುದು ಸುಮಾರು ಅರ್ಧದಷ್ಟು ಜನರಿಗೆ. ಬಿಸಿ ಬಟ್ಟೆ, ಹಾಳೆ ಹಿಡಿದು ಆರು ವಾರ ಕೂರುವವರು ಎದೆಗುಂದಬೇಕಾಗಿಲ್ಲ.

ಯಂತ್ರದಿಂದ ಎವೆ ತಿಕ್ಕುವುದು, ಬೆಳಕಿನ ಚಿಕಿತ್ಸೆ ಮುಂತಾದವು ದೊಡ್ಡ ಊರುಗಳ ಕಣ್ಣಿನ ಆಸ್ಪತ್ರೆಗಳ ಮಾತು. ಹೊಟ್ಟು ಬಹಳ ದಪ್ಪವಿದ್ದರೆ ಒಮ್ಮೆ ಆಸ್ಪತ್ರೆಯಲ್ಲಿ ತಿಕ್ಕಿಸಿಕೊಂಡು, ಮುಂದಿನದನ್ನು ಮನೆಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಹೈಪೋಕ್ಲೋರಸ್ ಆಮ್ಲದ ತುಂತುರು ಬ್ಯಾಕ್ಟೀರಿಯಾಕ್ಕೆ ಚೆನ್ನಾಗಿ ನಾಟುತ್ತದೆ, ನುಸಿಗೆ ಅಷ್ಟಿಲ್ಲ.

ನಾವು ಆರಿಸಿಕೊಂಡದ್ದು

ಅವ್ವನಿಗೆ ಬಿಸಿ ಬಟ್ಟೆ, ಟೀ ಟ್ರೀ ಹಾಳೆ, ಕಣ್ಣೊಣಗುವುದಕ್ಕೆ ಕಣ್ಣೀರಿನಂಥ ಹನಿ. ಆರು ವಾರ ಏಕೆಂದರೆ ನುಸಿಯ ಎರಡು ಮೂರು ತಲೆಮಾರು ಅಷ್ಟರಲ್ಲಿ ಕಳೆಯುತ್ತದೆ. ಜೊತೆಗೆ ದಿಂಬಿನ ಚೀಲ, ಟವೆಲ್ ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಅಪ್ಪನ ಎವೆಯನ್ನೂ ತೋರಿಸಿದೆವು. ಒಂದೇ ಹಾಸಿಗೆಯ ಮೇಲೆ ಮಲಗುವವರಲ್ಲಿ ಒಬ್ಬರಿಗೆ ಮಾತ್ರ ಔಷಧಿ ಮಾಡಿದರೆ ಇನ್ನೊಬ್ಬರಿಂದ ಮತ್ತೆ ಬರಬಹುದು. ಮೊದಲ ಎರಡು ವಾರ ಅವ್ವನಿಗೆ ತುರಿಕೆ ಹೆಚ್ಚಾದಂತೆ ಅನಿಸಿ, ಬಿಟ್ಟುಬಿಡುತ್ತೇನೆ ಎಂದಳು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಎದ್ದು ನೇರವಾಗಿ ಒಲೆಯ ಮುಂದೆ ಹೋದಳು, ಸೆರಗು ಕಣ್ಣಿಗೆ ಹೋಗಲಿಲ್ಲ. ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡಿದೆ.

ಮೋತಿಬಿಂದುವಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುವವರು ಒಂದು ಮಾತು ಕೇಳಿರಿ. ಶಿಬಿರಕ್ಕೆ ಹೆಸರು ಬರೆಸುವ ಮೊದಲೇ ಎವೆಯ ಬುಡ ತೋರಿಸಿಕೊಳ್ಳಿ. ರೆಪ್ಪೆ ಉರಿಯುತ್ತಿರುವಾಗ ಶಸ್ತ್ರಚಿಕಿತ್ಸೆ ಮಾಡಿದರೆ ಸೋಂಕಿನ ಅಪಾಯ ಹೆಚ್ಚು, ಕಣ್ಣು ಒಣಗಿದ್ದರೆ ಒಳಗೆ ಕೂರಿಸುವ ಲೆನ್ಸಿನ ಅಳತೆಯೂ ತಪ್ಪಬಹುದು. ಅವ್ವನ ಮೋತಿಬಿಂದುವಿನ ಶಸ್ತ್ರಚಿಕಿತ್ಸೆಯ ದಿನವನ್ನೂ ಡಾಕ್ಟರರು ಎರಡು ತಿಂಗಳು ಮುಂದೆ ಹಾಕಿದರು. ಬಲಗಣ್ಣು ಆಯಿತು. ದೀಪಾವಳಿ ಕಳೆದ ಮೇಲೆ ಎಡಗಣ್ಣು. ಅದಕ್ಕೂ ಒಂದು ವಾರ ಮೊದಲು ಮತ್ತೆ ಬಾಗಲಕೋಟೆಗೆ ಹೋಗಿ ಕೆಳಗೆ ನೋಡಿ ಬರಬೇಕು.